ಏಳನೆಯ ಪಕ್ಕೆಲುಬು

ಉದೆಲ್ನಾಯಾ ಸಂತೆಯಲ್ಲಿ, ತುಕ್ಕು ಹಿಡಿದ ಸ್ಕೇಟುಗಳ ಪಕ್ಕ,
ಒಂಬತ್ತು ತಟ್ಟೆ ಸಿಕ್ಕವು.
ಮೀನಿಗೆಂದು ತಂದ ದುಡ್ಡು ಅಲ್ಲೇ ಕರಗಿತು.
ಮನೆಗೆ ಬಂದಾಗ ಚೀಲದಲ್ಲಿ
ಸೌತೆಕಾಯಿಯ ಹಾಗೆ ಘಮ್ಮೆನ್ನುವ ಕೊರ್ಯುಶ್ಕಾ ಇಲ್ಲ;
ಯಾರದೋ ಎದೆ, ಯಾರದೋ ಮೊಣಕೈ,
ಒಂದು ತಲೆಬುರುಡೆಯ ಅರ್ಧ.

ಆಸ್ಪತ್ರೆಯವರು ಎಸೆದ ಎಕ್ಸ್‌ರೇ ಹಾಳೆ.
ಕೇಳಕೂಡದೆಂದು ಸರ್ಕಾರ ಹೇಳಿದ್ದನ್ನು
ಒಂದು ಕಾಲದಲ್ಲಿ ಇದರ ಮೇಲೇ ಕೊರೆಯುತ್ತಿದ್ದರು.
ಉಗುರಿನ ಕತ್ತರಿಯಲ್ಲಿ ದುಂಡಗೆ ಕತ್ತರಿಸಿ,
ಉರಿಯುವ ಸಿಗರೇಟು ಚುಚ್ಚಿ ನಡುವೆ ತೂತು.
ಸುರುಳಿ ಸುತ್ತಿ ಪೊಲೀಸಿನವನ ಮುಂದೆಯೇ ದಾಟಿಸುತ್ತಿದ್ದರಂತೆ,
ಕೋಟಿನ ತೋಳೊಳಗೆ
ಇನ್ನೊಬ್ಬರ ಎಲುಬು.

ಸೂಜಿ ಇಟ್ಟೆ.
ಮೊದಲು ಬಾಣಲೆಯಲ್ಲಿ ಈರುಳ್ಳಿ ಬೇಯುವ ಸದ್ದು.
ಅದರ ಹಿಂದೆ, ಬಹಳ ಹಿಂದೆ, ಒಂದು ಟ್ಯಾಂಗೊ;
ನೆಗಡಿಯಾದವನಂತೆ ಒಬ್ಬ ಹಾಡುತ್ತಾನೆ.
ಹಾಡು ಮುಗಿಯುವ ಮೊದಲೇ ಹಾಳೆ ಮುಗಿಯುತ್ತದೆ.

ನಾನು ಪಿಯಾನೊಗಳ ಶ್ರುತಿ ಕೂಡಿಸುವವಳು,
ಕಿವಿಯೇ ನನ್ನ ಅನ್ನ.
ಒಂಬತ್ತನ್ನೂ ಕಂಪ್ಯೂಟರಿಗೆ ಇಳಿಸಿ ಫೋನಿಗೆ ತುಂಬಿದೆ.
ತೆರೆಯ ಮೇಲೆ ಒಂಬತ್ತು ಬೂದು ಚೌಕ,
ಪ್ರತಿಯೊಂದರಲ್ಲೂ ಅದೇ ಬೂದು ಸ್ವರಚಿಹ್ನೆ,
ಹೆಸರು ತಿಳಿಯದವರಿಗೆ ನೆಡುವ ಕಲ್ಲಿನ ಹಾಗೆ.

"ಮುಖಪುಟ ಹಾಕಿ," ಅಂದ ಮೇಲಿನ ಮಹಡಿಯ ತಿಮೊಫೇಯ್,
ಹದಿನೈದು ವಯಸ್ಸು, ಎಲ್ಲ ಬಲ್ಲವ.
"ಚೌಕವಿರಬೇಕು. ಐನೂರಕ್ಕೆ ಐನೂರು ಸಾಕು.
ಹಾಡಿನ ಒಳಗೇ ಹೊಲಿದುಬಿಡೋಣ,
ಎಲ್ಲಿಗೆ ಹೋದರೂ ಜೊತೆಗೇ ಹೋಗುತ್ತೆ."

ಖಾನೆಗಳು ಕೇಳುತ್ತ ಹೋದವು.
ಕಲಾವಿದ? ಗೊತ್ತಿಲ್ಲ.
ಆಲ್ಬಮ್? ಇರಲಿಲ್ಲ.
ವರ್ಷ? ಯಾರೂ ಬರೆದಿಡಲಾರದ ವರ್ಷ.
ಚಿತ್ರ?

ಹುಡುಗ ಹುಡುಕಿ ತಂದ: ತಾಳೆಮರ, ಕೆಂಪು ಲಂಗದ ನರ್ತಕಿ,
ಸಮುದ್ರದ ಮೇಲೊಂದು ಚಂದ್ರ.
ಚೆನ್ನಾಗೇ ಇದ್ದವು,
ಹಾಡಿಗೆ ಸಂಬಂಧವೇ ಇಲ್ಲದಷ್ಟು ಚೆನ್ನಾಗಿ.
ಇದಕ್ಕೆ ಹೊದಿಕೆಯೇ ಇರಲಿಲ್ಲವಲ್ಲೋ, ಅಂದೆ,
ಹುಟ್ಟಿದ್ದೇ ಬತ್ತಲೆ.
ಅವನು ತಟ್ಟೆ ಎತ್ತಿ ಕಿಟಕಿಗೆ ಹಿಡಿದ.
ಪಕ್ಕೆಗಳ ಸಂದಿಯಿಂದ ಬೆಳಕು ಅಡುಗೆಮನೆಗೆ ಬಂತು.
"ಇಲ್ಲೇ ಇದೆಯಲ್ಲ."

ದುಂಡನ್ನು ಚೌಕದಲ್ಲಿ ಕೂರಿಸುವಾಗ
ನಾಲ್ಕು ಮೂಲೆ ಕಪ್ಪಗೆ ಉಳಿದವು. ಇರಲಿ.
ಹೃದಯ ಇರಬೇಕಾದ ಕಡೆ ಮಸುಕು ಮೋಡ;
ಸಿಗರೇಟಿನ ತೂತು ಅಲ್ಲಿಂದ ಎರಡು ಬೆರಳು ಆಚೆ.
ಅಂಚಿನಲ್ಲಿ, ಕತ್ತರಿಯಿಂದ ತಪ್ಪಿಸಿಕೊಂಡ
ಒಂದು ಹೆಸರಿನ ಬಾಲ: ...ನೋವಾ.
ಹಾಗಾದರೆ ಹೆಂಗಸು.
ಹಾಡಿದವಳಲ್ಲ, ಹಾಡನ್ನು ಹೊತ್ತವಳು.
ಕಲಾವಿದನ ಖಾನೆಯಲ್ಲಿ ಅಷ್ಟನ್ನೇ ಬರೆದೆ,
ನೋವಾ.

ಮರುದಿನ ಮೆಟ್ರೊದಲ್ಲಿ, ನೇವಾ ನದಿಯ ಕೆಳಗೆ,
ಶಿಶುವಿಹಾರದ ಪಿಯಾನೊ ನೋಡಲು ಹೊರಟಿದ್ದೆ.
ಟ್ಯಾಂಗೊ ಶುರುವಾಗಿ ಅಂಗೈಯಲ್ಲಿ ಪಕ್ಕೆಲುಬು ಹೊತ್ತಿಕೊಂಡಿತು.
ಪಕ್ಕದ ಮುದುಕಿ, ತೊಡೆಯ ಮೇಲೆ
ಹಾಲಿನ ಪೊಟ್ಟಣಗಳಲ್ಲಿ ಟೊಮೆಟೊ ಸಸಿ,
ಕನ್ನಡಕ ಏರಿಸಿ ಬಗ್ಗಿದಳು, ಕೇಳದೆಯೇ.
"ಏಳನೆಯದು," ಅಂದಳು, "ಎಡಗಡೆ.
ಹಾಳೆ ತಿರುವಿದ್ದರೆ ಬಲಗಡೆ.
ಮುರಿದು ಕೂಡಿದೆ. ಚೆನ್ನಾಗಿ ಕೂಡಿದೆ.
ಆರು ವಾರ ನಗುವುದಕ್ಕೂ ಆಗಿರಲಿಕ್ಕಿಲ್ಲ, ಪಾಪ.
ಮೂವತ್ತು ವರ್ಷ ಇದೇ ನೋಡಿದವಳು ನಾನು.
ಯಾರು, ನಿಮ್ಮಮ್ಮನಾ?"

ಇಲ್ಲ ಎನ್ನಲು ಬಾಯಿ ತೆರೆದೆ.
ನಿಲ್ದಾಣ ಬಂದುಬಿಟ್ಟಿತು.
ಒಂದು ಸಸಿಯೂ ಬಾಗದಂತೆ ಎದೆಗವಚಿಕೊಂಡು
ಅವಳು ಇಳಿದು ಹೋದಳು.

ಇನ್ನು ಎಂಟು ಬೂದು ಚೌಕ ಉಳಿದಿವೆ.
ಮುಂದಿನದು ಮೊಣಕೈ,
ಅದರ ಮೇಲೆ ಯಾವುದೋ ಫಾಕ್ಸ್‌ಟ್ರಾಟ್.